ಕಾಸ್ ಪ್ರಸ್ಥಭೂಮಿಯ ಹೂಗಳು

೧

ನಮ್ಮ ಹಳೆಯ ಕಾವ್ಯಗಳಲ್ಲಿ ಹೂವಿಗೆ ಬಡತನವಿಲ್ಲ. ಮಹಾಕಾವ್ಯಕ್ಕೆ ಲಕ್ಷಣಕಾರರು ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಶೈಲ, ಋತು, ಉದ್ಯಾನ ಈ ಮೂರೂ ಹೂವನ್ನು ಬೇಡತಕ್ಕವು. ಕವಿಗಳೂ ಸಂಪಗೆ, ಸುರಹೊನ್ನೆ, ಪಾದರಿ, ಮಲ್ಲಿಗೆ, ಕೇದಗೆ, ತಾವರೆಗಳನ್ನು ಧಾರಾಳವಾಗಿ ತಂದು ಆ ವಿಧಿಯನ್ನು ಸಲ್ಲಿಸಿದ್ದಾರೆ. ಆದರೆ ಈ ಹೂಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಅವುಗಳಲ್ಲಿ ಬಹುಪಾಲು ಮರದ ಹೂಗಳು, ಬಳ್ಳಿಯ ಹೂಗಳು, ಇಲ್ಲವೆ ಕೊಳದ ಹೂಗಳು. ಆಳವಾದ ಮಣ್ಣನ್ನೋ ನಿಂತ ನೀರನ್ನೋ ಆಶ್ರಯಿಸಿ, ಮೂಗಿಗೆ ಕಂಪನ್ನೂ ಮುಡಿಗೆ ಮಾಲೆಯನ್ನೂ ಒದಗಿಸತಕ್ಕವು. ಬಂಡೆಯ ಮೇಲೆ ಗೇಣುದ್ದ ಬೆಳೆದು, ಮಳೆಗಾಲ ಮುಗಿಯುವುದರೊಳಗೆ ಅರಳಿ ಅಳಿದುಹೋಗುವ ಹೂವಿಗೆ ಆ ಸಾಲಿನಲ್ಲಿ ಎಡೆ ವಿರಳ. ಕಲ್ಲುನೆಲವೆಂದರೆ ಕಾವ್ಯದಲ್ಲಿ ಸಾಮಾನ್ಯವಾಗಿ ಹೂವಿಲ್ಲದ ನೆಲ. ಲೋಕವ್ಯವಹಾರದಲ್ಲಿಯೂ ಅದು 'ಬರಡು', 'ಬಂಜರು', 'ಪಾಳು'.

ಈ ಹೆಸರುಗಳು ಎಷ್ಟರಮಟ್ಟಿಗೆ ಯಥಾರ್ಥವೆಂಬುದನ್ನು ಪರೀಕ್ಷಿಸುವುದಕ್ಕೆ ಸಹ್ಯಾದ್ರಿಯ ನೆತ್ತಿಯ ಮೇಲಿರುವ ಕಾಸ್ ಪ್ರಸ್ಥಭೂಮಿಗಿಂತ ತಕ್ಕ ಸ್ಥಳ ಬೇರೊಂದು ದೊರೆಯುವುದು ಕಷ್ಟ. ವರ್ಷದ ಬಹುಭಾಗ ಅದು ಕಾದ ಕಲ್ಲಿನ ಬಯಲು. ಮಳೆಗಾಲದ ಕೊನೆಯ ಕೆಲವು ವಾರಗಳಲ್ಲಿ ಮಾತ್ರ ಅದೇ ಬಯಲು ಬಿಳಿ, ಹಳದಿ, ನಸುಗೆಂಪು, ನೀಲಿ ಬಣ್ಣಗಳ ಹಾಸುಗಳಿಂದ ತುಂಬಿ, ದೂರ ದೂರದ ಜನರನ್ನು ತನ್ನೆಡೆಗೆ ಸೆಳೆಯುತ್ತದೆ. ಹೂಬಿಡುವ ಸಸ್ಯಗಳಲ್ಲಿ ೮೫೦ಕ್ಕೂ ಮಿಕ್ಕ ಜಾತಿಗಳು ಇಲ್ಲಿ ಎಣಿಕೆಗೆ ಬಂದಿವೆ. ಬರಡೆನಿಸಿದ ನೆಲದಲ್ಲಿ ಇಷ್ಟು ಸಂಪತ್ತು ಹೇಗೆ ನೆಲಸಿತೆಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ. ಉತ್ತರವು ಮೊದಲ ನೋಟಕ್ಕೆ ವಿಪರೀತವಾಗಿ ತೋರಬಹುದು: ಈ ಸಂಪತ್ತಿಗೆ ಆ ಬಡತನವೇ ಕಾರಣ.

೨

ಕಾಸ್ ಪ್ರಸ್ಥಭೂಮಿಯು ಮಹಾರಾಷ್ಟ್ರದ ಸಾತಾರಾ ನಗರಕ್ಕೆ ಪಶ್ಚಿಮದಲ್ಲಿ ಸುಮಾರು ೨೫ ಕಿಲೋಮೀಟರು ದೂರದಲ್ಲಿದೆ. ನಗರದಿಂದ ಹೊರಟ ದಾರಿಯು ಯವತೇಶ್ವರದ ಘಟ್ಟವನ್ನು ಹತ್ತಿ, ಬೆಟ್ಟದ ಏಣಿನ ಮೇಲೆಯೇ ಸಾಗಿ ಬಯಲನ್ನು ಸೇರುತ್ತದೆ. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು ೧೨೦೦ ಮೀಟರು; ವಿಸ್ತಾರ ಸುಮಾರು ೧೦ ಚದರ ಕಿಲೋಮೀಟರು. ಇದರ ಒಂದು ಮಗ್ಗುಲಲ್ಲಿ ಕೊಯ್ನಾ ನದಿಯ ಕಣಿವೆ, ಇನ್ನೊಂದು ಮಗ್ಗುಲಲ್ಲಿ ಉರ್ಮೋಡಿಯ ಕಣಿವೆ. ಎರಡು ನದಿಗಳೂ ಕೃಷ್ಣೆಯನ್ನು ಕೂಡತಕ್ಕವು. ಹೀಗೆ ಈ ಬಂಡೆಯ ಮೇಲೆ ಬಿದ್ದ ಮಳೆಯ ನೀರು ಯಾವ ಕಡೆಗೆ ಹರಿದರೂ ಕೊನೆಗೆ ಕನ್ನಡ ನಾಡಿನ ಹೊಲಗಳನ್ನು ಹಾದುಹೋಗುವಂಥದು. ಪ್ರಸ್ಥಭೂಮಿಯ ಬದಿಯಲ್ಲಿರುವ ಕಾಸ್ ಕೆರೆಯು ಸಾತಾರಾ ನಗರಕ್ಕೆ ಕುಡಿಯುವ ನೀರನ್ನು ಒದಗಿಸುತ್ತದೆ. ರುದ್ರಾಕ್ಷಿಯ ಕುಲಕ್ಕೆ ಸೇರಿದ 'ಕಾಸಾ' ಎಂಬ ಮರದಿಂದ ಸ್ಥಳಕ್ಕೆ ಈ ಹೆಸರು ಬಂದಿತೆಂದು ಹೇಳುವರು.

ಪ್ರಸ್ಥಭೂಮಿಯ ಅಡಿಗಲ್ಲು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಉಕ್ಕಿ ಹರಿದ ಲಾವಾ ಹೆಪ್ಪುಗಟ್ಟಿ ಆದ ಕಪ್ಪುಶಿಲೆ. ಬಿಸಿಲು ಮಳೆಗಳ ದೀರ್ಘಕಾಲದ ಹೊಡೆತದಿಂದ ಈ ಶಿಲೆಯ ಮೇಲ್ಪದರವು ಶಿಥಿಲವಾಗಿ, ಅದರೊಳಗಿನ ಕರಗುವ ಅಂಶಗಳೆಲ್ಲ ನೀರಿನೊಡನೆ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್‌ಗಳ ಆಕ್ಸೈಡುಗಳು ಮಾತ್ರ ಉಳಿದು ಗಟ್ಟಿಯಾದ ಕೆಂಪು ಕಲ್ಲಿನ ಹೊದಿಕೆಯಾಯಿತು. ಇದೇ ನಮ್ಮ ಜಂಬಿಟ್ಟಿಗೆ, ಕರಾವಳಿಯವರ ಮುರಕಲ್ಲು.

ಈ ಕಲ್ಲಿನ ಹೆಸರಿಗೆ ಒಂದು ಚರಿತ್ರೆಯಿದೆ. ಶ್ರೀರಂಗಪಟ್ಟಣದ ಪತನಾನಂತರ, ೧೮೦೦-೦೧ರಲ್ಲಿ, ಮೈಸೂರು ಕನ್ನಡ ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ನೋಡಿದನು. ನೆಲದೊಳಗೆ ಮೆತ್ತಗಿದ್ದು, ಕತ್ತರಿಸಿ ಗಾಳಿಗಿಟ್ಟಾಗ ಗಟ್ಟಿಯಾಗಿ, ಇಟ್ಟಿಗೆಯಂತೆ ಗೋಡೆಗೆ ಒದಗುವ ಇದರ ಗುಣವನ್ನು ವಿವರಿಸಿ, ದೇಶಭಾಷೆಗಳಲ್ಲಿ ಇದಕ್ಕೆ 'ಇಟ್ಟಿಗೆಯ ಕಲ್ಲು' ಎಂಬರ್ಥದ ಹೆಸರಿರುವುದನ್ನು ಗುರುತಿಸಿದನು. ಇಟ್ಟಿಗೆಗೆ ಲ್ಯಾಟಿನಿನಲ್ಲಿ ಸಲ್ಲುವ ಮಾತಿನಿಂದಲೇ 'ಲ್ಯಾಟರೈಟ್' ಎಂಬ ಹೊಸ ಪದವನ್ನು ಕಟ್ಟಿದನು. ೧೮೦೭ರಲ್ಲಿ ಅವನ ಪ್ರವಾಸಗ್ರಂಥವು ಲಂಡನ್ನಿನಲ್ಲಿ ಪ್ರಕಟವಾದ ಮೇಲೆ ಆ ಪದವು ಭೂವಿಜ್ಞಾನದಲ್ಲಿ ಜಗತ್ತಿನಲ್ಲೆಲ್ಲ ರೂಢವಾಯಿತು. ಆದುದರಿಂದ ಈ ಕಲ್ಲಿನ ಶಾಸ್ತ್ರೀಯನಾಮವು ಮೂಲತಃ ದಕ್ಷಿಣದೇಶದ ಕಲ್ಲುಕುಟಿಗರ ಮಾತಿನ ಅನುವಾದವೆಂದರೆ ತಪ್ಪಾಗಲಾರದು. ಜಂಬಿಟ್ಟಿಗೆಯೆಂಬ ಕನ್ನಡ ಮಾತಿನಲ್ಲಿಯೂ ಆ ಇಟ್ಟಿಗೆಯ ದನಿ ಸ್ಪಷ್ಟವಾಗಿದೆ. ಕಲ್ಲನ್ನು ಕಡಿಯುವವರು ಅದರ ಗುಣವನ್ನರಿತು ಹೆಸರಿಟ್ಟರು. ಅದರ ಮೇಲಿನ ನೆಲಕ್ಕೆ ಮಾತ್ರ ಅದರ ಗುಣವನ್ನರಿಯದವರ ಹೆಸರೇ ಅಂಟಿಕೊಂಡಿತು.

೩

ಕಾಸಿನ ಬಂಡೆಯ ಮೇಲೆ ವರ್ಷಕ್ಕೆ ಸುಮಾರು ೨೦೦೦ದಿಂದ ೨೫೦೦ ಮಿಲಿಮೀಟರು ಮಳೆ ಸುರಿಯುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿ ಬೀಳತಕ್ಕದ್ದು. ಆಗ ನೆಲವೆಲ್ಲ ಜವುಗು. ಮಿಕ್ಕ ಕಾಲದಲ್ಲಿ ಹನಿ ನೀರಿಲ್ಲದ ಕಾವಲಿ. ಮಣ್ಣೆಂಬುದು ಹಲವೆಡೆ ಎರಡು ಮೂರು ಬೆರಳ ದಪ್ಪಕ್ಕಿಂತ ಹೆಚ್ಚಿಲ್ಲ. ಇರುವಷ್ಟರಲ್ಲಿಯೂ ಸಸ್ಯಕ್ಕೆ ಬೇಕಾದ ಸಾರಜನಕ, ರಂಜಕಗಳು ಮಳೆಗೆ ತೊಳೆದುಹೋಗಿರುತ್ತವೆ. ಮರವು ಇಲ್ಲಿ ಬೇರೂರಲಾರದು. ಮರವಿಲ್ಲವಾದುದರಿಂದ ನೆರಳಿಲ್ಲ, ನೆರಳಿಲ್ಲವಾದುದರಿಂದ ಬಿಸಿಲನ್ನೇ ಬಯಸುವ ಕಿರುಸಸ್ಯಗಳಿಗೆ ನೆಲವು ತೆರವಾಗಿ ಉಳಿಯಿತು. ಬಡತನವು ಬಲವಂತರನ್ನು ಹೊರಗಿಟ್ಟು ದುರ್ಬಲರಿಗೆ ಆಶ್ರಯವಿತ್ತ ಬಗೆ ಇದು.

ದೂರದಿಂದ ಏಕರೂಪವಾಗಿ ಕಾಣುವ ಈ ಬಯಲು ಹತ್ತಿರದಲ್ಲಿ ಹಲವು ಪುಟ್ಟ ನೆಲೆಗಳ ಸಮುದಾಯ. ಬರಿಯ ಬಂಡೆಯ ಮೇಲೆ ಪಾಚಿ ಮತ್ತು ಕಲ್ಲುಹೂಗಳ ತೆಳು ಪದರ. ಗುಳಿಗಳಲ್ಲಿ ಮಳೆಗಾಲಕ್ಕೆ ಮಾತ್ರ ನಿಲ್ಲುವ ಅಂಗೈಯಗಲದ ಕೊಳಗಳು. ನೀರು ಜಿನುಗುವ ಇಳಿಜಾರುಗಳು. ಮಣ್ಣು ತುಂಬಿದ ತಗ್ಗುಗಳಲ್ಲಿ ಹುಲ್ಲುಗಾವಲು. ಅಂಚಿನಲ್ಲಿ ಕಾರವಿಯ ಪೊದೆಗಳು. ಅದರಾಚೆಗೆ ಕುಳ್ಳು ಮರಗಳ ಕಾಡು. ಒಂದೊಂದು ನೆಲೆಗೂ ಅದರದೇ ಸಸ್ಯಗಳು. ಎರಡು ಮಾರು ಅಂತರದಲ್ಲಿ ಹೂವಿನ ಜಾತಿಯೇ ಬದಲಾಗುವುದನ್ನು ಇಲ್ಲಿ ಕಾಣಬಹುದು.

ಈ ಸಸ್ಯಗಳು ಬದುಕುವ ಉಪಾಯಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಮಣ್ಣಿನಲ್ಲಿ ದೊರೆಯದುದನ್ನು ಬೇಟೆಯಿಂದ ಪಡೆಯುವುದು. ಡ್ರೋಸೆರವೆಂಬ ಸಸ್ಯದ ಎಲೆಯ ರೋಮಗಳ ತುದಿಯಲ್ಲಿ ಅಂಟುದ್ರವದ ಹನಿಗಳು ಇಬ್ಬನಿಯಂತೆ ಹೊಳೆಯುತ್ತವೆ. ಅವನ್ನು ನೀರೆಂದು ಭ್ರಮಿಸಿದ ಕೀಟವು ಅಲ್ಲಿಯೇ ಸೆರೆಯಾಗಿ, ಸಸ್ಯಕ್ಕೆ ಸಾರಜನಕವಾಗುತ್ತದೆ. ಮರಾಠಿಯಲ್ಲಿ ಇದಕ್ಕೆ 'ದವಬಿಂದು', ಎಂದರೆ ಇಬ್ಬನಿಯ ಹನಿ, ಎಂದೇ ಹೆಸರು. ಚಾರ್ಲ್ಸ್ ಡಾರ್ವಿನ್ನನು ಕೀಟಾಹಾರಿ ಸಸ್ಯಗಳನ್ನು ಕುರಿತು ೧೮೭೫ರಲ್ಲಿ ಪ್ರಕಟಿಸಿದ ಗ್ರಂಥದ ಬಹುಭಾಗವು ಈ ಕುಲದ ಒಂದು ಸಸ್ಯಕ್ಕೆ ಮೀಸಲಾಗಿದೆ. ಯುಟ್ರಿಕ್ಯುಲೇರಿಯವೆಂಬ ಇನ್ನೊಂದರ ಬೇಟೆ ಕಣ್ಣಿಗೆ ಕಾಣದು. ಮೇಲೆ ಕೋಮಲವಾದ ನೀಲಿ ಹೂ. ಕೆಳಗೆ ಒದ್ದೆ ಮಣ್ಣಿನಲ್ಲಿ ಸಾಸಿವೆಗಿಂತ ಕಿರಿದಾದ ಚೀಲಗಳು. ನೀರಿನ ಸೂಕ್ಷ್ಮಜೀವಿಯೊಂದು ಚೀಲದ ಬಾಯಿಯ ರೋಮವನ್ನು ಮುಟ್ಟಿದೊಡನೆ ಬಾಗಿಲು ತೆರೆದು, ನೀರಿನೊಡನೆ ಅದನ್ನು ಒಳಗೆಳೆದುಕೊಳ್ಳುತ್ತದೆ. ಈ ಕ್ರಿಯೆಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಬೇಡ.

ಎರಡನೆಯ ಉಪಾಯ ಅಡಗಿರುವುದು. ಹಲವು ಸಸ್ಯಗಳು ಗೆಡ್ಡೆಯಾಗಿಯೋ ಬೀಜವಾಗಿಯೋ ಬೇಸಗೆಯನ್ನು ಕಳೆದು, ಮಳೆ ಬಂದಾಗ ಮಾತ್ರ ಮೇಲೇಳುತ್ತವೆ. ಅಪೊನೊಜೆಟನ್ ಸತಾರೆನ್ಸಿಸ್ ಎಂಬ ನೀರಸಸ್ಯ ಇದಕ್ಕೆ ನಿದರ್ಶನ. ಬಂಡೆಯ ಗುಳಿಗಳಲ್ಲಿ ಗೆಡ್ಡೆಯಾಗಿ ಮಲಗಿದ್ದು, ಗುಳಿ ತುಂಬಿದಾಗ ಎಲೆ ಹರಡಿ, ಕವಲೊಡೆದ ಎರಡು ತೆನೆಗಳ ನಸುಗೆಂಪು ಹೂಗಳನ್ನು ನೀರಿನ ಮೇಲೆತ್ತುತ್ತದೆ. ಸಾತಾರೆಯ ಹೆಸರನ್ನೇ ಹೊತ್ತ ಈ ಜಾತಿ ಶಾಸ್ತ್ರಜ್ಞರ ಪಟ್ಟಿಗೆ ಸೇರಿದುದು ೧೯೮೨ರಲ್ಲಿ. ಸಹ್ಯಾದ್ರಿಯ ಕೆಲವೇ ಪ್ರಸ್ಥಭೂಮಿಗಳ ಹೊರತು ಜಗತ್ತಿನಲ್ಲಿ ಬೇರೆಲ್ಲಿಯೂ ಇದಿಲ್ಲ.

ಮೂರನೆಯ ಉಪಾಯ ಎಲ್ಲಕ್ಕೂ ವಿಚಿತ್ರವಾದುದು: ಪೂರ್ಣವಾಗಿ ಒಣಗಿಯೂ ಸಾಯದಿರುವುದು. ಟ್ರೈಪೊಗಾನ್ ಎಂಬ ಹುಲ್ಲು ಬೇಸಗೆಯಲ್ಲಿ ತರಗಿನಂತೆ ಸುರುಟಿಕೊಂಡಿದ್ದು, ಮಳೆಯಲ್ಲಿ ನೆನೆದ ಸ್ವಲ್ಪಕಾಲದಲ್ಲಿಯೇ ಹಸಿರಾಗುತ್ತದೆ. ಇಂಥ ಶಕ್ತಿಯುಳ್ಳ ೬೨ ಜಾತಿಗಳು ಪಶ್ಚಿಮಘಟ್ಟಗಳಲ್ಲಿರುವುದನ್ನು ಪುಣೆಯ ಆಘಾರ್ಕರ್ ಸಂಶೋಧನಾಸಂಸ್ಥೆಯವರು ೨೦೨೨ರಲ್ಲಿ ತಿಳಿಯಪಡಿಸಿದರು. ಬೇಸಗೆಯಲ್ಲಿ ಈ ಬಂಡೆಯನ್ನು ನೋಡಿ ಇಲ್ಲೇನೂ ಇಲ್ಲವೆಂದು ಹೇಳುವವನು ಜೀವವಿರುವುದನ್ನೇ ಸತ್ತದ್ದೆಂದು ಬಗೆಯುವ ಸಂಭವವುಂಟು.

೪

ಕಾಸನ್ನು ನೋಡಲು ತಕ್ಕ ಕಾಲ ಆಗಸ್ಟ್ ತಿಂಗಳ ಕೊನೆಯಿಂದ ಅಕ್ಟೋಬರಿನ ಆರಂಭದವರೆಗೆ. ಅದರಲ್ಲಿಯೂ ಒಂದು ವಾರದ ನೋಟ ಮತ್ತೊಂದು ವಾರಕ್ಕಿಲ್ಲ. ಎರಿಯೊಕಾಲಾನ್ ಕುಲದ ಗುಂಡಿಯಂಥ ಬಿಳಿಯ ಹೂಗಳು ಒತ್ತಾಗಿ ಅರಳಿ ನೆಲಕ್ಕೆ ಸುಣ್ಣ ಬಳಿದಂತೆ ಮಾಡುತ್ತವೆ. ಇದನ್ನು ಅಲ್ಲಿಯವರು 'ಗೇಂದ್', ಎಂದರೆ ಚೆಂಡು, ಎನ್ನುವರು. ನಮ್ಮ ಗೌರೀಹೂವಿನ ಕುಲಕ್ಕೆ ಸೇರಿದ 'ತೇರಡಾ' ನಸುಗೆಂಪು ಹಾಸನ್ನೂ 'ಸೋನಕಿ' ಹೊನ್ನಿನ ಬಣ್ಣದ ಹಾಸನ್ನೂ ಹಾಸುತ್ತವೆ. ಅಂಚಿನ ಕಾರವಿ ಮಾತ್ರ ಏಳೆಂಟು ವರ್ಷಗಳಿಗೊಮ್ಮೆ ಒಟ್ಟಾಗಿ ಅರಳಿ, ಬೀಜವಾದ ಬಳಿಕ ಸಾಯತಕ್ಕದ್ದು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೂಗಳಷ್ಟೇ ಅವುಗಳ ಹೆಸರುಗಳೂ ಆಸ್ವಾದ್ಯವಾಗಿವೆ. ಬೇಟೆಗಾರ ಯುಟ್ರಿಕ್ಯುಲೇರಿಯಕ್ಕೆ ಮರಾಠೀ ಜನರು ಇಟ್ಟಿರುವ ಹೆಸರು 'ಸೀತೇಚೀ ಆಸವೇ', ಸೀತೆಯ ಕಣ್ಣೀರು. ಸಣ್ಣ ನೀಲಿ ಹೂಗಳೆರಡಕ್ಕೆ 'ಆಭಾಳಿ', 'ನಭಾಳಿ' ಎಂದು ಹೆಸರು. ಎರಡಕ್ಕೂ ಮೂಲ ಆಕಾಶವೇ. ಸೆರೊಪೀಜಿಯ ಕುಲದ ಹೂವು ಕೊಳವೆಯಂತೆ ನೀಳವಾಗಿ, ತುದಿಯಲ್ಲಿ ಪಂಜರದಂತೆ ಕೂಡಿರುವುದರಿಂದ ಅದು 'ಕಂದೀಲ'. ಕನ್ನಡಿಗರಿಗೆ ಈ ಮಾತನ್ನು ಅರ್ಥಮಾಡಿ ಹೇಳಬೇಕಾದ ಅಗತ್ಯವಿಲ್ಲ. ಕಂದೀಲದೊಳಕ್ಕೆ ಇಳಿದ ಸಣ್ಣ ನೊಣವನ್ನು ಕೆಳಮುಖವಾದ ರೋಮಗಳು ಹೊರಬರಗೊಡುವುದಿಲ್ಲ. ಹೂವಿನ ರೋಮಗಳು ಬಾಡಿದಾಗ ಅದು ಪರಾಗವನ್ನು ಹೊತ್ತು ಬಿಡುಗಡೆ ಹೊಂದುತ್ತದೆ.

ಪ್ರಸ್ಥಭೂಮಿಯಲ್ಲಿ 'ಕುಮುದಿನೀ' ಎಂಬ ಹೆಸರಿನ ಒಂದು ಕೊಳವಿದೆ. ಕಾವ್ಯದ ಕುಮುದವು ಚಂದ್ರನ ಬೆಳಕಿಗೆ ಅರಳುವ ಬಿಳಿಯ ನೈದಿಲೆ. ಇಲ್ಲಿಯ ಕುಮುದಿನಿಯಾದರೋ ಬೇರೊಂದು ವಂಶದ ಸಸ್ಯ: ಅಂಚೆಲ್ಲ ನೂಲೆಳೆದಂತೆ ಸೀಳಿದ ಎಸಳುಗಳ, ಬೆರಳುಗುರಿನಷ್ಟು ಚಿಕ್ಕ ಬಿಳಿ ಹೂವು. ಸಂಸ್ಕೃತಕಾವ್ಯದ ಹೆಸರೊಂದು ಹಳ್ಳಿಗರ ಬಾಯಲ್ಲಿ ತನ್ನ ಹಳೆಯ ಹೂವನ್ನು ಬಿಟ್ಟು ಹೊಸ ಹೂವಿನ ಮೇಲೆ ನಿಂತಿದೆ. ಪ್ರಾಚೀನ ಕೃತಿಗಳಲ್ಲಿ ಬರುವ ಸಸ್ಯನಾಮಗಳನ್ನು ಇಂದಿನ ಹೆಸರುಗಳ ಬಲದಿಂದಲೇ ಗುರುತಿಸಹೊರಡುವವರಿಗೆ ಇದು ಒಂದು ಎಚ್ಚರಿಕೆ.

ಇಲ್ಲಿಯ ಹೂಗಳನ್ನು ನಿಂತು ನೋಡಿದರೆ ಬಣ್ಣ ಮಾತ್ರ ಕಾಣುವುದು. ಆಕಾರ ಕಾಣಬೇಕಾದರೆ ದಾರಿಯ ಅಂಚಿನಲ್ಲಿ ಮೊಣಕಾಲೂರಿ ಬಾಗಬೇಕು. ದಾರಿಯನ್ನು ಬಿಟ್ಟು ಒಳಗಡಿಯಿಡುವುದು ಸಲ್ಲದು. ಮೂರು ಬೆರಳ ಮಣ್ಣು ಒಂದು ಹೆಜ್ಜೆಗೆ ಅದುಮಿಹೋದರೆ ಅದರೊಳಗಿನ ಬೀಜಕ್ಕೂ ಗೆಡ್ಡೆಗೂ ಮತ್ತೆ ಮೇಲೇಳುವುದು ಕಷ್ಟ.

೫

ಪಶ್ಚಿಮಘಟ್ಟಗಳ ೩೯ ಸ್ಥಳಗಳು ೨೦೧೨ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಮಹಾರಾಷ್ಟ್ರದ ನಾಲ್ಕರಲ್ಲಿ ಕಾಸ್ ಒಂದಾಗಿತ್ತು. ಕೀರ್ತಿಯೊಡನೆ ಜನಸಂದಣಿಯೂ ಬಂದಿತು. ಹೂವನ್ನು ಮೆಚ್ಚಿ ಬಂದವರ ಕಾಲ್ತುಳಿತದಿಂದಲೇ ಹೂವಿಗೆ ಅಪಾಯವೊದಗಿದುದರಿಂದ, ಹೂಗಾಲದಲ್ಲಿ ದಿನವೊಂದಕ್ಕೆ ೩೦೦೦ ಮಂದಿಯೆಂಬ ಮಿತಿಯನ್ನು ಗೊತ್ತುಮಾಡಿ, ಮುಂಗಡವಾಗಿ ಹೆಸರು ದಾಖಲಿಸುವ ಏರ್ಪಾಡನ್ನೂ ಪ್ರವೇಶಶುಲ್ಕವನ್ನೂ ಜಾರಿಗೆ ತರಲಾಯಿತು. ಕಾವಲು, ಮಾರ್ಗದರ್ಶನ ಮೊದಲಾದ ಕೆಲಸಗಳಲ್ಲಿ ಸುತ್ತಲಿನ ಹಳ್ಳಿಗಳವರು ಪಾಲುಗೊಂಡರು.

ಇವುಗಳೊಡನೆ ಬಯಲಿಗೆ ತಂತಿಯ ಬೇಲಿಯೂ ಬಂದಿತು. ಅದರಿಂದ ಜನರ ತುಳಿತ ಕಡಮೆಯಾಯಿತು; ಆದರೆ ತಲೆತಲಾಂತರದಿಂದ ಅಲ್ಲಿ ಮೇಯುತ್ತಿದ್ದ ದನಗಳೂ ಹೊರಗಾದುವು. ಮೇಯುವ ಬಾಯಿಲ್ಲದೆ ಎತ್ತರದ ಹುಲ್ಲುಗಳು ಬಲಿತು, ಗೇಣುದ್ದದ ಹೂಗಿಡಗಳು ಅವುಗಳ ನೆರಳಿಗೆ ಸಿಕ್ಕಿ ಹಿಂಜರಿಯುತ್ತಿವೆಯೆಂಬ ಆಕ್ಷೇಪಣೆ ಹುಟ್ಟಿತು. ಕೆಲವು ವರ್ಷಗಳ ಮೇಲೆ ಬೇಲಿಯನ್ನು ತೆಗೆಯಲಾಯಿತು. ಮನುಷ್ಯರ ಮತ್ತು ದನಗಳ ಸಂಪರ್ಕವನ್ನು ಪೂರ್ಣವಾಗಿ ತಪ್ಪಿಸುವುದೇ ರಕ್ಷಣೆಯೆಂಬ ಭಾವನೆ ಎಲ್ಲ ನೆಲಗಳಿಗೂ ಒಪ್ಪತಕ್ಕದ್ದಲ್ಲವೆಂಬುದನ್ನು ಈ ಪ್ರಸಂಗವು ತೋರಿಸುತ್ತದೆ. ಗಿಡ ನೆಡುವುದೂ ಇಂಥದೇ. ಬಯಲನ್ನು ಕಂಡಲ್ಲೆಲ್ಲ ಮರ ನೆಡುವುದು ಪುಣ್ಯವೆಂಬ ನಂಬಿಕೆ ಸಾಮಾನ್ಯವಾಗಿದೆ. ಇಂಥ ನೆಲದಲ್ಲಿ ಗುಳಿ ತೋಡಿ, ಮಣ್ಣು ತುಂಬಿ, ನೆರಳಿನ ಮರವನ್ನು ಎಬ್ಬಿಸುವುದೆಂದರೆ ಬಿಸಿಲಿನ ಮಕ್ಕಳಾದ ನೂರಾರು ಸಸ್ಯಗಳನ್ನು ಒಕ್ಕಲೆಬ್ಬಿಸಿದಂತೆ.

೬

ಇನ್ನು ಕನ್ನಡ ನಾಡಿನ ವಿಚಾರ. ಸಹ್ಯಾದ್ರಿಯ ಎತ್ತರದಲ್ಲಿ ಕಾಸ್ ಹೇಗೋ, ಘಟ್ಟದ ಕೆಳಗೆ ಕರಾವಳಿಯಲ್ಲಿಯೂ ಹಾಗೆಯೇ ಮುರಕಲ್ಲಿನ ಚಪ್ಪಟೆ ನೆತ್ತಿಗಳುಂಟು. ಎತ್ತರವೂ ಹವೆಯೂ ಬೇರೆಯಾದುದರಿಂದ ಸಸ್ಯಗಳ ಜಾತಿಗಳು ಅಷ್ಟಿಷ್ಟು ಬೇರೆ. ಆದರೆ ಬದುಕಿನ ಕ್ರಮ ಒಂದೇ. ಎರಿಯೊಕಾಲಾನ್, ಯುಟ್ರಿಕ್ಯುಲೇರಿಯ, ಡ್ರೋಸೆರ ಈ ಮೂರು ಕುಲಗಳೂ ಇಲ್ಲಿ ಮಳೆಗಾಲದಲ್ಲಿ ಅರಳುತ್ತವೆ. ಈ ನೆಲಕ್ಕೆ ದಕ್ಷಿಣ ಕನ್ನಡದಲ್ಲಿ ಒಂದು ಸೊಗಸಾದ ಹೆಸರಿದೆ: 'ಪದವು'. ಮಂಗಳೂರಿನ ಪದವಿನಂಗಡಿಯಂಥ ಸ್ಥಳನಾಮಗಳಲ್ಲಿ ಅದು ಇಂದಿಗೂ ಉಳಿದಿದೆ. ಸ್ಥಳನಾಮದಲ್ಲಿ ಉಳಿದ ಪದವು ನೆಲದ ಮೇಲೆ ಉಳಿದಿರುವುದು ಮಾತ್ರ ಕಡಮೆ. ಸಮತಟ್ಟಾಗಿಯೂ ಉಳುಮೆಗೆ ಬಾರದುದಾಗಿಯೂ ಇರುವ ಇಂಥ ನೆತ್ತಿಗಳ ಮೇಲೆ ವಿಮಾನನಿಲ್ದಾಣ, ಕಾರ್ಖಾನೆ, ವಿದ್ಯಾಲಯಗಳು ಎದ್ದುವು. ಕಲ್ಲಿಗಾಗಿ ನೆಲವನ್ನು ಆಳವಾಗಿ ತೋಡಲಾಯಿತು. ಮಿಕ್ಕಲ್ಲಿ, ಹಸುರು ಬೆಳೆಸುವ ಸದುದ್ದೇಶದಿಂದ, ಆಸ್ಟ್ರೇಲಿಯ ಕಡೆಯಿಂದ ಬಂದ ಅಕೇಶಿಯದ ನೆಡುತೋಪುಗಳು ಹಬ್ಬಿದುವು. ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಕರ್ಣಾಟಕದ ಹತ್ತು ಸ್ಥಳಗಳೂ ಘಟ್ಟದ ಕಾಡುಬೆಟ್ಟಗಳು. ಕರಾವಳಿಯ ಪದವು ಅವುಗಳಲ್ಲಿ ಒಂದೂ ಇಲ್ಲ.

ಇದಕ್ಕೆಲ್ಲ ದುರುದ್ದೇಶವೇ ಕಾರಣವೆನ್ನಲಾಗದು. ಹೆಸರಿನ ಪಾಲೂ ಇದರಲ್ಲಿ ಸೇರಿದೆ. ಕೇಂದ್ರಸರಕಾರದವರು ೨೦೦೦ದಲ್ಲಿ ಪ್ರಕಟಿಸಿದ ಬಂಜರುಭೂಮಿಗಳ ನಕ್ಷಾಸಂಪುಟದಲ್ಲಿ ಬಂಡೆಯ ಬಯಲಿಗೆ ಒಂದು ಪ್ರತ್ಯೇಕ ವರ್ಗವಿದ್ದು, ಅದು ನಿರುಪಯುಕ್ತ ನೆಲದ ಲೆಕ್ಕಕ್ಕೆ ಸೇರಿದೆ. ಪದವು ಎಂದು ಕರೆದಾಗ ಅದು ತನ್ನದೇ ಗುಣವುಳ್ಳ ಒಂದು ನೆಲ. ಬಂಜರು ಎಂದು ಬರೆದೊಡನೆ ಅದು ಯಾವುದಾದರೊಂದು ಉಪಯೋಗಕ್ಕೆ ಕಾದಿರುವ ಖಾಲಿ ಜಾಗ. ಕೇರಳದಲ್ಲಿ ಇಂಥ ನೆಲವು 'ಪಾರೆ'. ಕಣ್ಣೂರಿನ ಬಳಿಯ ಮಾಡಾಯಿಪ್ಪಾರೆಯಲ್ಲಿ ಅರಳುವ ಯುಟ್ರಿಕ್ಯುಲೇರಿಯಕ್ಕೆ 'ಕಾಕ್ಕಪ್ಪೂವು', ಕಾಗೆಹೂ, ಎಂಬ ಹೆಸರಿದ್ದು, ಓಣದ ಹೂರಂಗೋಲಿಯಲ್ಲಿ ಅದಕ್ಕೆ ಸ್ಥಾನವುಂಟು. ಹಬ್ಬಕ್ಕೆ ಬೇಕಾದ ಹೂವು ಎಲ್ಲಿ ಅರಳುವುದೆಂಬುದನ್ನು ಮನೆಯ ಮಕ್ಕಳೂ ಅರಿತಿರುವಲ್ಲಿ ಆ ನೆಲವನ್ನು ಬರಡೆಂದು ಬರೆದು ಮುಗಿಸುವುದು ಸುಲಭವಲ್ಲ.

೭

ಇದುವರೆಗೆ ಹೇಳಿದುದನ್ನು ಸಂಗ್ರಹಿಸುವುದಾದರೆ, ಕಾಸ್ ಪ್ರಸ್ಥಭೂಮಿಯ ಸಂಪತ್ತು ಅದರ ಮಣ್ಣಿನ ತೆಳುತನದಿಂದಲೂ ಬಿಸಿಲಿನ ಕಾಠಿಣ್ಯದಿಂದಲೂ ಮಳೆಯ ಅಲ್ಪಾವಧಿಯಿಂದಲೂ ಹುಟ್ಟಿದುದು. ಆ ಕೊರತೆಗಳನ್ನು ತುಂಬಿಕೊಡಹೋದರೆ ಸಂಪತ್ತೇ ಅಳಿಯುವುದು. ಕನ್ನಡ ಕರಾವಳಿಯ ಪದವುಗಳಿಗೂ ಈ ಮಾತು ಸಲ್ಲುತ್ತದೆ. ಕಾಸಿಗೆ ಕಾವಲು ಒದಗಿತು. ಪದವುಗಳಲ್ಲಿ ಉಳಿದಿರುವುವಕ್ಕೆ ಒದಗಬೇಕಾಗಿದೆ.

ಈ ಕಾರ್ಯದಲ್ಲಿ ಸಸ್ಯಶಾಸ್ತ್ರಜ್ಞರ ಪಾಲು ಸ್ಪಷ್ಟವಾಗಿಯೇ ಇದೆ. ಭಾಷೆಯನ್ನು ಅಭ್ಯಾಸಮಾಡುವವರ ಪಾಲೂ ಕಿರಿದಲ್ಲ. ಪದವು, ಹಾಸುಬಂಡೆ, ಹಕ್ಕಲು, ಬ್ಯಾಣ ಮೊದಲಾದ ನೆಲದ ಹೆಸರುಗಳೂ, ಅಲ್ಲಿ ಅರಳುವ ಸಣ್ಣ ಹೂಗಳಿಗೆ ದನಗಾಹಿಗಳೂ ಹಳ್ಳಿಯ ಹೆಂಗಸರೂ ಇಟ್ಟಿರುವ ಹೆಸರುಗಳೂ ಊರೂರಿನಲ್ಲಿ ಬೇರೆ ಬೇರೆಯಾಗಿ ಚದುರಿವೆ; ಅವನ್ನು ನುಡಿಯುವವರು ಮುದುಕರಾಗುತ್ತಿದ್ದಾರೆ. ಮಳೆಗಾಲದ ಒಂದು ದಿನ ವಿದ್ಯಾರ್ಥಿಗಳನ್ನು ಹತ್ತಿರದ ಪದವಿಗೆ ಕರೆದೊಯ್ದು, ಕಂಡ ಹೂವಿನ ಹೆಸರನ್ನು ಊರ ಹಿರಿಯರಿಂದ ಕೇಳಿ ಬರೆಯಿಸುವ ಅಧ್ಯಾಪಕರು ಕೋಶಕ್ಕೆ ಕೆಲವು ಶಬ್ದಗಳನ್ನು ಕೂಡಿಸಿದಂತಾಗುವುದು. ಅದರೊಡನೆ, ಆ ನೆಲವು ಬರಡೆಂದು ಮುಂದೆ ಯಾರಾದರೂ ಬರೆಯುವಾಗ ಅಲ್ಲವೆಂದು ಹೇಳಬಲ್ಲ ಕೆಲವರನ್ನು ಸಿದ್ಧಪಡಿಸಿದಂತೆಯೂ ಆಗುವುದು.